ಕಿಟಕಿಯ ಕಟ್ಟೆಯ ಮೇಲೆ ಬೋರಲಿಟ್ಟ ಕಪ್

ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದು ಹೇಳಿದವಳು ನಮ್ಮ ದೊಡ್ಡವ್ವ, ನಾಗವ್ವ. ಬೆನ್ನ ಹಿಂದೆ ಹೇಳಿದ್ದಲ್ಲ. ಕಮಲಾಪುರದ ನಮ್ಮ ಮನೆಯಲ್ಲಿ, ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡಿಯೇ ಹೇಳಿದ್ದು. ಇಂಗ್ಲಿಷ್ ಪತ್ರಿಕೆಯಲ್ಲಿ ಮೂರನೆಯ ಸಲ ಫೇಲಾಗಿ ಊರಿಗೆ ಬಂದ ದಿನ ಅದು.

“ನಮ್ಮ ಓಣ್ಯಾಗ ಇಲ್ಲೀತನಕ ಯಾರೂ ಆಗಿಲ್ಲ. ನೀನೂ ಆಗಾಂಗಿಲ್ಲ, ಚಂದ್ಯಾ. ಇನ್ನೊಂದು ಸಲ ಕಟ್ಟಿ ನೋಡು. ಅದೂ ಹೋತಂದ್ರ ಸುಮ್ಮ ಶರಣ್ಯಾನ ಸಂಗಟ ದಾಲ್‌ಮಿಲ್ಲಿಗಿ ನಡಿ. ಮಾಲಕರ ಕಿವಿಗಿ ಹಾಕಿ ಇಟ್ಟೀನಿ.”

ಶರಣ್ಯಾ ಎಂದರೆ ಅವಳ ಮಗ ಶರಣಪ್ಪ, ನನಗೆ ಅಣ್ಣ. ಕಲಬುರಗಿಯ ಹತ್ತಿರ ನಂದೂರಿನ ಒಂದು ದಾಲ್‌ಮಿಲ್ಲಿನಲ್ಲಿ ಕೆಲಸಕ್ಕಿದ್ದ. ನನ್ನ ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನನ್ನನ್ನು ಸಾಕಿದವಳು ದೊಡ್ಡವ್ವ. ಬಾಳೆತೋಟದಲ್ಲಿ ಕೂಲಿ ಮಾಡಿ ಇಬ್ಬರ ಹೊಟ್ಟೆಯನ್ನೂ ನೋಡಿಕೊಂಡವಳು. ಆದ್ದರಿಂದ ನಾನು ಎದುರು ಮಾತಾಡಲಿಲ್ಲ. ಉಳಿದ ಎಲ್ಲ ವಿಷಯ ಪಾಸಾಗಿದ್ದವು. ಆ ಒಂದು ಪತ್ರಿಕೆ ಕೈಗೆ ಹತ್ತಿದರೆ ಪದವೀಧರ, ಹತ್ತದಿದ್ದರೆ ಬೇಳೆಯ ಹೊಟ್ಟು. ಲೆಕ್ಕ ಅಷ್ಟು ಸರಳವಿತ್ತು.

ಇದೆಲ್ಲ ಮತ್ತೆ ನೆನಪಾದದ್ದು ಹೋದ ತಿಂಗಳು. ಕಚೇರಿಯ ಕೆಲಸಕ್ಕೆಂದು ಕಲಬುರಗಿಗೆ ಹೋಗಿದ್ದೆ. ರಸ್ತೆ ಬದಿಯ ಗಾಡಿಯೊಂದರಲ್ಲಿ ನೂಡಲ್ಸ್ ಹುರಿಯುತ್ತಿದ್ದರು. ವಿನೆಗರಿನಲ್ಲಿ ನೆನೆಹಾಕಿದ ಹಸಿಮೆಣಸಿನಕಾಯಿಯ ಡಬ್ಬಿಯ ಮುಚ್ಚಳ ಯಾರೋ ತೆಗೆದರು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ನಡುವಿನ ಆ ವರ್ಷ ಇಡಿಯಾಗಿ ಎದುರು ನಿಂತಿತು.

ಆಗ ನಾನು ಶರಣಪ್ಪನ ಖೋಲಿಯಲ್ಲಿ ಇದ್ದೆ. ಸಂಜೆ ಅವನು ಮಿಲ್ಲಿನಿಂದ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಸುತ್ತಿನ ಕೂದಲು ಎಲ್ಲ ಹಳದಿ. ನೀರು ಹಾಕಿಕೊಂಡ ಮೇಲೂ ಕೆಮ್ಮಿದರೆ ತೊಗರಿಯ ವಾಸನೆ ಬರುತ್ತಿತ್ತು. ಕೆಲಸವನ್ನು ಅವನು ಬೈಯುತ್ತಿರಲಿಲ್ಲ. “ನಿನಗೂ ರೂಢಿ ಆಗ್ತದ ತಗೋ,” ಎನ್ನುತ್ತಿದ್ದ. ನನಗೆ ಹೆದರಿಕೆ ಇದ್ದದ್ದು ಆ ರೂಢಿಯದೇ.

ಪರೀಕ್ಷೆಯವರೆಗೆ ಏನಾದರೂ ಮಾಡಬೇಕಿತ್ತು. ಶಹರದಲ್ಲಿ ಹೊಸ ಚೈನೀಸ್ ಹೋಟೆಲೊಂದು ತೆರೆದಿತ್ತು. ಅದಕ್ಕೆ ಒಂದು ಇಂಗ್ಲಿಷ್ ಹೆಸರಿತ್ತು, ನಾವೆಲ್ಲ ಬರೀ ‘ಚೈನೀಸ್’ ಎನ್ನುತ್ತಿದ್ದೆವು. ಕಲಬುರಗಿ ಅಂಥದ್ದನ್ನು ಕಂಡಿರಲಿಲ್ಲ. ಮುಂದೆ ಆಳೆತ್ತರದ ಗಾಜಿನ ಬಾಗಿಲು. ಒಳಗೆ ಬೂದು ಬಣ್ಣದ ಗೋಡೆ, ಅದರ ಮೇಲೆ ಕ್ಯಾಲೆಂಡರ್ ಇಲ್ಲ, ದೇವರ ಪಟಕ್ಕೆ ಮಿಣಮಿಣ ದೀಪ ಇಲ್ಲ. ಒಂದೊಂದು ಮೇಜಿನ ಮೇಲೂ ತಲೆಗೆ ತಾಗುವಷ್ಟು ಕೆಳಗೆ ಇಳಿಬಿಟ್ಟ ಕೆಂಪು ಕಾಗದದ ದೀಪ. ನೆಲ ಮುಖ ಕಾಣುವಷ್ಟು ನುಣುಪು. ಹೊರಗೆ ನಮ್ಮ ಬಿಸಿಲು ರಸ್ತೆಯ ಡಾಂಬರು ಕರಗಿಸುತ್ತಿದ್ದರೆ ಒಳಗೆ ಎಸಿಯ ತಂಪು. ಹಳ್ಳಿಗಳಿಂದ ಬಂದವರು ಆ ನೆಲ ನೋಡಿ ಚಪ್ಪಲಿಯನ್ನು ಗಾಜಿನ ಬಾಗಿಲ ಹೊರಗೇ ಬಿಟ್ಟು, ಬರಿಗಾಲಲ್ಲಿ ಮೆಲ್ಲಗೆ ಒಳಗೆ ಬರುತ್ತಿದ್ದರು. ಮಾಲಕರು ಯಾರಿಗೂ ಬೇಡವೆನ್ನಲಿಲ್ಲ. ಬಾಗಿಲ ಪಕ್ಕ ಚಪ್ಪಲಿಗೆಂದು ಒಂದು ಕಟ್ಟಿಗೆಯ ಸ್ಟ್ಯಾಂಡ್ ತಂದಿಟ್ಟರು.

ಮಾಲಕರು ದೇಶಪಾಂಡೆ ಸರ್. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಹಣೆಗೆ ಅಂಗಾರ ಅಕ್ಷತೆ ಇಡುವ ಬ್ರಾಹ್ಮಣ ಮನೆತನ. ಪುಣೆಯ ದೊಡ್ಡ ಹೋಟೆಲುಗಳಲ್ಲಿ ದುಡಿದು ಬಂದಿದ್ದರು. “ನಮ್ಮ ಅಪ್ಪ ಪಂಚಾಂಗ ಹೇಳ್ತಿದ್ರು, ನಾ ಮೆನು ಹೇಳ್ತೇನಿ, ಎರಡರಾಗೂ ಜನ ತಲಿ ಆಡಸ್ತಾರ,” ಎಂದು ತಮ್ಮನ್ನೇ ಆಡಿಕೊಳ್ಳುತ್ತಿದ್ದರು. ಕೆಲಸ ಕೇಳಿಕೊಂಡು ಹೋದಾಗ ನನ್ನ ಊರು, ಮನೆ, ಮತ ಯಾವುದನ್ನೂ ಕೇಳಲಿಲ್ಲ.

“ನಗಲಿಕ್ಕೆ ಬರ್ತದೇನು?” ಎಂದರು.

“ಬರ್ತದ್ರಿ,” ಎಂದೆ.

“ಹಂಗಾದ್ರ ಈಗ ಯಾಕ ನಗವಲ್ಲಿ? ನಾಳೆ ಹನ್ನೊಂದಕ್ಕ ಬಾ.”

ಅವರ ಹೋಟೆಲಿನ ರೀತಿಯೇ ಬೇರೆ. ಗಿರಾಕಿಯ ತಲೆಯ ಮೇಲೆ ನಿಲ್ಲಬಾರದು. ಕೇಳುವ ತನಕ ಬಿಲ್ ಕೊಡಬಾರದು. ಫೋರ್ಕ್ ಹಿಡಿಯಲು ಬಾರದವರಿಗೆ ಕೇಳುವ ಮೊದಲೇ ಚಮಚ ಇಡಬೇಕು, ಚಮಚವೂ ಬಾರದವರು ಕೈಯಲ್ಲಿ ನೂಡಲ್ಸ್ ತಿಂದರೆ ಆ ಕಡೆ ನೋಡಬಾರದು. “ಗಾಜಿನ ಬಾಗ್ಲಾ ನೋಡೇ ಅರ್ಧ ಮಂದಿ ಹೆದರ್ತಾರ. ಒಳಗ ಬಂದವರು ಇನ್ನೊಮ್ಮೆ ಹೆದರಬಾರದು. ಮನೀಗಿ ಬೀಗರು ಬಂದಾಂಗ ಇರಬೇಕು,” ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ಯಾರಾದರೂ ‘ಇದು ಏನು’ ಎಂದು ಕೇಳಿದರೆ ಮೆನು ಕಾರ್ಡ್ ಓದಿ ಹೇಳುವ ಹಾಗಿಲ್ಲ. ಮೊದಲು ಆ ಪದಾರ್ಥ ನಾವು ತಿಂದಿರಬೇಕು, ಆಮೇಲೆ ನಮ್ಮ ಮಾತಿನಲ್ಲಿ ಹೇಳಬೇಕು. ಮಂಚೂರಿಯನ್ ಎಂದರೆ ಏನು ಎಂದು ಒಬ್ಬ ಅಜ್ಜ ಕೇಳಿದಾಗ ನಾನು, “ಕೋಬಿ ಭಜಿ ಮಾಡಿ ಹುಳಿಖಾರದ ಸಾರಿನ್ಯಾಗ ಹೊರಳಾಡ್ಸಿದಾಂಗ್ರಿ ಅಜ್ಜಾರ,” ಎಂದಿದ್ದೆ. ಅಜ್ಜ ಎರಡು ಪ್ಲೇಟ್ ತಿಂದ.

ನಮಗೆಲ್ಲ ಹಿರಿಯ ರಫೀಕ್ ಭಾಯಿ. ಮೋಮಿನಪುರದವನು, ನಲವತ್ತರ ಮೇಲೆ ವಯಸ್ಸು. ಯಾರಿಗೆ ಯಾವ ಮೇಜು ಎಂದು ಹಂಚುವವನು ಅವನೇ. ಗಡಿಬಿಡಿ ಎನ್ನುವುದೇ ಅವನ ಮೈಯಲ್ಲಿರಲಿಲ್ಲ. ನನಗೆ ಅವನು ಮೊದಲ ವಾರದಿಂದಲೇ ಸಸ್ಯಾಹಾರಿಗಳು ಕೂಡುವ ಮೂಲೆಯ ನಾಲ್ಕು ಮೇಜು ಕೊಟ್ಟ. ಜೇವರ್ಗಿ ಕಾಲೋನಿಯ ಡಾಕ್ಟರು, ಮಾಸ್ತರರ ಮನೆಯವರು ಬರುತ್ತಿದ್ದದ್ದು ಆ ಮೂಲೆಗೇ. ಅವರ ಅಡುಗೆಗೆ ಬೇರೆ ಬಾಣಲೆ, ಬೇರೆ ಸವಟು. ಮಾಂಸದ ಪ್ಲೇಟುಗಳನ್ನು ರಫೀಕ್ ಭಾಯಿ ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಹೋಟೆಲು ಮುಚ್ಚಿ ನಾವು ಊಟಕ್ಕೆ ಕುಳಿತರೆ ಎಲ್ಲರಿಗೂ ಚಿಕನ್ ಫ್ರೈಡ್ ರೈಸ್, ನನಗೆ ಮಾತ್ರ ಕೋಬಿಯದು, ಬರೀ ಕೋಸು. ನನ್ನ ತಾಟು ಮೇಜಿನ ಇನ್ನೊಂದು ತುದಿಗೆ, ತುಸು ದೂರ.

ನನಗೆ ಅನಿಸಿದ್ದು ಇಷ್ಟೇ. ಇವರಿಗೆ ಗೊತ್ತಾಗಿದೆ.

ಏನು ಗೊತ್ತಾಗಿದೆ ಎಂದು ಬರೆದುಬಿಡುತ್ತೇನೆ. ನಮ್ಮದು ಊರಿಂದ ಆಚೆಗಿನ ಓಣಿ. ದೊಡ್ಡಪ್ಪ ಇದ್ದಾಗಲೇ ಮನೆಯಲ್ಲಿ ಬುದ್ಧನ ಪಟ ಬಂದಿತ್ತು, ಆದರೆ ಊರು ನಮ್ಮನ್ನು ನೋಡುವುದು ಪಟ ನೋಡಿ ಅಲ್ಲ. ನಾನು ಸಣ್ಣವನಿದ್ದಾಗ ರಸ್ತೆ ಬದಿಯ ಒಂದು ಚಹಾದಂಗಡಿಯಲ್ಲಿ ನಮಗೆಂದು ನಾಲ್ಕು ಕಪ್ ಹೊರಗಿನ ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿದ್ದವು. ನಾವೇ ತೆಗೆದುಕೊಳ್ಳಬೇಕು, ಮೇಲಿಂದ ಸುರಿದ ಚಹಾ ಕುಡಿಯಬೇಕು, ತೊಳೆದು ಮತ್ತೆ ಬೋರಲು ಹಾಕಬೇಕು. ಕಾಲೇಜಿಗೆ ಬರುವ ಹೊತ್ತಿಗೆ ಆ ಅಂಗಡಿಯೇ ಇರಲಿಲ್ಲ. ಕೈಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

ಚೈನೀಸ್‌ನಲ್ಲಿ ಊಟವಾದ ಮೇಲೆ ನಮಗೆ ಚಹಾ ಬರುತ್ತಿತ್ತು. ಗಿರಾಕಿಗಳಿಗೆ ಕೊಡುವ ಅವೇ ಬಿಳಿ ಪಿಂಗಾಣಿ ಕಪ್. ಕುಡಿದು ಎಲ್ಲರೂ ಒಂದು ಟಬ್ಬಿನಲ್ಲಿ ಇಟ್ಟು ಎದ್ದುಹೋಗುತ್ತಿದ್ದರು. ನಾನು ನನ್ನ ಕಪ್ ನಳಕ್ಕೆ ಹಿಡಿದು ತೊಳೆದು, ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಬೋರಲಿಡುತ್ತಿದ್ದೆ. ಮರುದಿನ ಅದೇ ಕಪ್ ತೆಗೆದುಕೊಳ್ಳುತ್ತಿದ್ದೆ. ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲು ನಾನೇ ಮಾಡಿದರೆ ಹೇಳಿಸಿಕೊಳ್ಳುವುದು ತಪ್ಪುತ್ತದಲ್ಲ, ಹಾಗೆ.

ಒಂದೂವರೆ ತಿಂಗಳು ಹೀಗೆ ನಡೆಯಿತು. ಒಂದು ಮಧ್ಯಾಹ್ನ ನಾನು ನಳದ ಮುಂದೆ ನಿಂತಿದ್ದಾಗ ರಫೀಕ್ ಭಾಯಿ ಬೀಡಿ ಆರಿಸಿ ಹತ್ತಿರ ಬಂದ.

“ಒಂದು ಮಾತು ಕೇಳ್ತೀನ್ರಿ ಸ್ವಾಮ್ಯಾರ, ಬೇಜಾರ ಮಾಡ್ಕೋಬ್ಯಾಡ್ರಿ. ನಮ್ಮ ಕಪ್ಪಿಗಿ ನಿಮ್ಮ ಕಪ್ ತಾಗಿದ್ರ ಮನ್ಯಾಗ ಬೈತಾರೇನು?”

“ಯಾವ ಸ್ವಾಮ್ಯಾರು?” ಎಂದೆ.

“ನೀವs. ಜಂಗಮರಲ್ಲೇನು? ಇಲ್ಲಾಂದ್ರ ಆಚಾರ್ರ ಪೈಕಿ? ಮೊದಲನೇ ದಿನದಿಂದ ನೋಡಾಕತ್ತೀನಿ, ಕಪ್ ಬ್ಯಾರೆ ತೊಳೀತೀರಿ, ಬ್ಯಾರೆ ಇಡ್ತೀರಿ. ನಾನರೆ ಏನು ಕಮ್ಮಿ ಮಾಡೀನಿ ಹೇಳ್ರಿ. ಮಟನ್ ಮುಟ್ಟಬಾರದು ಅಂತ ವೆಜ್ ಟೇಬಲ್ ಕೊಟ್ಟೀನಿ. ಚಿಕನ್ ವಾಸನಿ ಹೊಡೀಬಾರದು ಅಂತ ತಾಟು ಅತ್ಲಾಗ ಇಡಸ್ತೀನಿ. ಅಷ್ಟಾದ ಮ್ಯಾಲೂ ನಮ್ಮ ಟಬ್ ನಿಮಗ ನಡ್ಯಾಂಗಿಲ್ಲಂದ್ರ, ಮನಸಿಗಿ ಹತ್ತತದ.”

ನನ್ನ ಕೈಯಲ್ಲಿದ್ದ ಕಪ್ಪಿನಿಂದ ನೀರು ಮೊಣಕೈತನಕ ಇಳಿಯುತ್ತಿತ್ತು. ನಳ ತಿರುವುವುದು ಮರೆತಿತ್ತು. ಚಂದ್ರಕಾಂತ ಎನ್ನುವ ನನ್ನ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಉಳಿದದ್ದನ್ನು ಆ ಕಪ್ ಹೇಳಿತ್ತು, ಅದೂ ಪೂರಾ ತಿರುವಿ.

“ರಫೀಕ್ ಭಾಯಿ, ನಾ ಸ್ವಾಮೀನೂ ಅಲ್ಲ, ಆಚಾರ್ರೂ ಅಲ್ಲ. ನಮ್ಮದು ಊರ ಹೊರಗಿನ ಓಣಿ. ಅಲ್ಲಿ ನಾವು ಕುಡಿದ ಕಪ್ ನಾವs ತೊಳೀತಿದ್ವಿ. ಕೈಗಿ ಅದs ರೂಢಿ. ನೀವು ನನ್ನ ತಾಟು ದೂರ ಇಟ್ಟಾಗ, ನಿಮಗ ನನ್ನ ಸುದ್ದಿ ತಿಳಿದದ ಅಂತ ಅನ್ಕೊಂಡೆ.”

ರಫೀಕ್ ಭಾಯಿ ಕೈ ಚಾಚಿದ. ನಳವನ್ನು ಅವನೇ ತಿರುವಿದ. ಆಮೇಲೆ ನನ್ನ ಕೈಯಿಂದ ಕಪ್ ತೆಗೆದುಕೊಂಡು ಹೋಗಿ ಟಬ್ಬಿನಲ್ಲಿ, ಎಲ್ಲವುಗಳ ನಡುವೆ ಇಟ್ಟ.

“ಒಂದೂವರಿ ತಿಂಗಳ ಬರೇ ಕೋಬಿ ತಿಂದಿಯಲ್ಲೋ ಮಿಯಾ,” ಎಂದ. “ಬಾಯಿ ಇರಲಿಲ್ಲೇನು ನಿನಗ?”

“ನಿಮಗಿತ್ತೇನು?” ಎಂದೆ.

“ಅದೂ ಖರೇ,” ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದ: “ಏಕ್ ಚಿಕನ್ ಫ್ರೈಡ್ ರೈಸ್. ದೊಡ್ಡ ಪ್ಲೇಟ್ ಮಾಡ್ರಿ, ನಮ್ಮ ಸ್ವಾಮ್ಯಾರ ವ್ರತ ಮುಗೀತು.”

ಬಾಣಲೆಯ ಮುಂದಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವತ್ತು ಅವನ ಮಾತಿನಿಂದ ‘ರೀ’ ಬಿದ್ದುಹೋಗಿ ‘ನೀ’ ಬಂದದ್ದು ನನಗೆ ಆದ ದೊಡ್ಡ ಸಂತೋಷ. ಮರ್ಯಾದೆ ಕಡಿಮೆಯಾಗಿ ಖುಷಿಪಟ್ಟದ್ದು ನಾನೊಬ್ಬನೇ ಇರಬೇಕು. ಆಮೇಲೂ ಎಷ್ಟೋ ದಿನ ಕೈ ತಾನಾಗಿ ನಳದ ಕಡೆ ಹೋಗುತ್ತಿತ್ತು. ರಫೀಕ್ ಭಾಯಿ ದೂರದಿಂದಲೇ ಕೆಮ್ಮುತ್ತಿದ್ದ, ನಾನು ಕಪ್ ಟಬ್ಬಿಗೆ ಹಾಕುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಪರೀಕ್ಷೆಯ ಚಿಂತೆ ಹತ್ತಿತು. ಮೂರರಿಂದ ಆರರವರೆಗೆ ಹೋಟೆಲು ಖಾಲಿ. ಏಳನೇ ಮೇಜಿನ ಕೆಂಪು ದೀಪದ ಕೆಳಗೆ ಕೂತು ಗೈಡಿನ ಪ್ರಬಂಧಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಮಳೆಗಾಲದ ಒಂದು ದಿನ, ರೈಲು ಪ್ರಯಾಣ, ನನ್ನ ಮೆಚ್ಚಿನ ನಾಯಕ. ದೇಶಪಾಂಡೆ ಸರ್ ಒಂದು ದಿನ ಎದುರಿಗೆ ಬಂದು ಕೂತರು.

“ರೈಲಿನಾಗ ಯಾವಾಗರೆ ಕೂತೀಯೇನು?”

“ಇಲ್ರಿ ಸರ್.”

“ಮತ್ತ ಇಷ್ಟು ಚಂದ ಪ್ರಯಾಣ ಮಾಡ್ಲಿಕ್ಕೆ ಹತ್ತೀಯಲ್ಲ.” ಗೈಡು ಮುಚ್ಚಿದರು. “ಮೂರು ಸಲ ಹೆಂಗ ಫೇಲಾದಿ?”

ನಿಜ ಹೇಳಿದೆ. ಬಾಯಿಪಾಠ ಮಾಡಿದ್ದು ಬರಲಿಲ್ಲ, ಬೇರೆ ಕೇಳಿದ್ದರು, ಖಾಲಿ ಹಾಳೆ ಕೊಟ್ಟು ಬಂದೆ.

“ಗಿರಾಕಿಗೆ ಕಾರ್ಡ್ ಓದಿ ಹೇಳಬ್ಯಾಡ ಅಂತ ಯಾಕ ಅಂತೀನಿ? ಕಾರ್ಡಿನಾಗ ಇಲ್ಲದ್ದು ಕೇಳಿದ್ರ ಬಾಯಿ ಕಟ್ತದ. ಇವತ್ತಿಂದ ದಿನಕ್ಕ ಒಂದು ಪದಾರ್ಥ ನನಗ ಇಂಗ್ಲಿಷಿನಾಗ ಹೇಳು. ತಪ್ಪು ಆಗ್ಲಿ. ತಿಂದದ್ದು ಹೇಳು, ಕಂಡದ್ದು ಹೇಳು.”

ಮೊದಲ ದಿನ ಸೂಪಿನ ಬಗ್ಗೆ ನನ್ನಿಂದ ಬಂದದ್ದು ಮೂರು ವಾಕ್ಯ: ಬಿಸಿ ಇದೆ. ಕಾರ್ನ್ ಇದೆ. ಚೆನ್ನಾಗಿದೆ. ಅವರು ನಗಲಿಲ್ಲ. “ಬಿಸಿ ಅಂದ್ರ ಎಷ್ಟು ಬಿಸಿ?” ಎಂದು ಕೇಳಿದರು. ಹಾಗೆ ಕೇಳುತ್ತ ಕೇಳುತ್ತ ಮೂರು ವಾಕ್ಯ ಹತ್ತಾದವು, ಹತ್ತು ಒಂದು ಪುಟವಾಯಿತು. ಸಂಕ್ರಾಂತಿಗೆ ಊರಿಗೆ ಹೋದಾಗ ದೊಡ್ಡವ್ವ ತೋಟದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಕೊಟ್ಟು ಕಳಿಸಿದಳು. ಅದನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಮೇಲೆ ಜೇನು ಸುರಿದು ಎಳ್ಳು ಉದುರಿಸಿದರು ಅಡುಗೆಯವರು. ಅವತ್ತು ನಾನು ಇಂಗ್ಲಿಷಿನಲ್ಲಿ ಬಾಳೆಯಿಂದ ಹಿಡಿದು ತೋಟ, ಕಾಲುವೆ, ದೊಡ್ಡವ್ವನ ಕೈಗೆ ಹತ್ತಿದ ಬಾಳೆಯ ಕಲೆ ತನಕ ಹೇಳಿದೆ. ದೇಶಪಾಂಡೆ ಸರ್ ಎದ್ದು ಹೋಗುವಾಗ, “ವ್ಯಾಕರಣ ಕುಂಟತದ. ಕುಂಟಿಕೋತ ಊರು ಮುಟ್ಟತೀ ಬಿಡು,” ಎಂದರು.

ಏಪ್ರಿಲ್ ಬಂತು. ಮಧ್ಯಾಹ್ನ ಹೊರಗೆ ಕಾಗೆಯೂ ಹಾರುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಶರಣಪ್ಪ ಮಿಲ್ಲಿನಿಂದ ಬಂದು, ಮೈ ತೊಳೆಯುವ ಮೊದಲೇ ಹೇಳಿದ: “ಮಾಲಕರು ಕೇಳಾಕತ್ತಿದ್ರು, ನಿಮ್ಮ ತಮ್ಮ ಜೂನ್‌ದಾಗ ಬರ್ತಾನೇನು ಅಂತ. ನೋಡೂಣು ಅಂದೀನಿ.” ಅಷ್ಟು ಹೇಳಿ ನನ್ನ ಪೆನ್ನಿಗೆ ಮಸಿ ತುಂಬಿಟ್ಟ. ಅವನ ಬೆರಳ ಗುರುತು ಪೆನ್ನಿನ ಮೇಲೆ ಹಳದಿಯಾಗಿ ಉಳಿಯಿತು.

ಪ್ರಶ್ನೆಪತ್ರಿಕೆ ತೆರೆದೆ. ಮಳೆಗಾಲ ಇಲ್ಲ, ರೈಲಿಲ್ಲ, ನಾಯಕನೂ ಇಲ್ಲ. ನಾಲ್ಕು ಜನ ಸೇರುವ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗದ ಬಗ್ಗೆ ಬರೆಯಿರಿ ಎಂದಿತ್ತು. ಹಿಂದಿನ ಮೂರು ಸಲದಂತೆ ಕಣ್ಣ ಮುಂದೆ ಬರೀ ಬಿಳಿ. ಆಮೇಲೆ, ಇದು ಏನು ಎಂದು ಯಾರೋ ಎದುರಿಗೆ ಕೂತು ಕೇಳುತ್ತಿದ್ದಾರೆ ಎಂದುಕೊಂಡೆ. ಗಾಜಿನ ಬಾಗಿಲಿನಿಂದ ಸುರು ಮಾಡಿದೆ. ಹೊರಗಿನ ಚಪ್ಪಲಿ, ಕೆಂಪು ದೀಪ, ಕೈಯಲ್ಲಿ ನೂಡಲ್ಸ್ ತಿನ್ನುವ ಅಜ್ಜ. ಸಣ್ಣ ಸಣ್ಣ ವಾಕ್ಯ. ಕೊನೆಗೆ ಬರೆದೆ: ಅಲ್ಲಿ ಎಲ್ಲ ಕಪ್‌ಗಳೂ ಒಂದೇ ತರಹ ಇವೆ, ಕುಡಿದ ಮೇಲೆ ಎಲ್ಲ ಒಂದೇ ಟಬ್ಬಿನಲ್ಲಿ ಬೀಳುತ್ತವೆ. ನಾನು ಅದನ್ನು ತಡವಾಗಿ ಕಲಿತೆ.

ಜೂನಿನಲ್ಲಿ ಮಿರಗದ ಮಳೆ ಹತ್ತಿದ ವಾರ ಫಲಿತಾಂಶ ಬಂತು. ಮೂವತ್ತೈದು ಬೇಕಿತ್ತು, ನಲವತ್ತೊಂದು ಬಂದಿತ್ತು. ನಾನು ಬೋರ್ಡಿನ ಮುಂದೆ ಮೂರು ಸಲ ಓದಿದೆ. ರಫೀಕ್ ಭಾಯಿ ಅವತ್ತು ನನ್ನನ್ನು ಗಿರಾಕಿಯ ಕುರ್ಚಿಯಲ್ಲಿ ಕೂಡಿಸಿ, ಕೈಗೆ ಕಾರ್ಡ್ ಕೊಟ್ಟು, “ಏನು ತರ್ಲಿ ಸಾಹೇಬ್ರ?” ಎಂದ. ಕೋಬಿ ಬಿಟ್ಟು ಏನಾದರೂ ತಾ ಎಂದೆ.

ದೊಡ್ಡವ್ವ ಮಾತ್ರ ನಂಬಲಿಲ್ಲ. “ಬೋರ್ಡಿನ ಮ್ಯಾಲ ಯಾರ ನಂಬರ್ ಬೇಕಾದ್ರೂ ಬರೀತಾರ. ಕಾಗದ ಎಲ್ಲದ?” ಎಂದಳು. ಕಾಗದ ಕೈಗೆ ಬರಲು ಮತ್ತೆ ಎಂಟು ತಿಂಗಳು ಬೇಕಾಯಿತು. ಘಟಿಕೋತ್ಸವದ ದಿನ ಹೋಟೆಲಿನಲ್ಲಿ ಒಂದು ದೊಡ್ಡ ಪಾರ್ಟಿಯ ಕೆಲಸ ಇತ್ತು, ನಾನು ಘಟಿಕೋತ್ಸವಕ್ಕೆ ಹೋಗಲಿಲ್ಲ. ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಪ್ರಮಾಣಪತ್ರ ಪಡೆಯುವ ದಿನ ದೊಡ್ಡವ್ವ ತಾನೂ ಬರುತ್ತೇನೆಂದು ಬಸ್ ಹತ್ತಿದಳು. ಗುಮಾಸ್ತರು ಅದನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರು. ಅಲ್ಲಿಂದ ನಾನು ಅವಳನ್ನು ನೇರ ಚೈನೀಸ್‌ಗೆ ಕರೆದೊಯ್ದೆ.

ಮೂರು ಗಂಟೆ ಆಗಿತ್ತು, ಗಿರಾಕಿಗಳು ಯಾರೂ ಇರಲಿಲ್ಲ. ಗಾಜಿನ ಬಾಗಿಲ ಮುಂದೆ ಅವಳು ಚಪ್ಪಲಿ ಬಿಟ್ಟು ಸ್ಟ್ಯಾಂಡಿನಲ್ಲಿ ಜೋಡಿಸಿ ಇಟ್ಟಳು. ಒಳಗೆ ಕುರ್ಚಿಯ ತುದಿಯಲ್ಲಿ ಕೂತಳು. “ಒಳಗ ಮಳಿ ಬರೂವಾಂಗ ತಂಪದಲ್ಲೋ,” ಎಂದಳು. ರಫೀಕ್ ಭಾಯಿ ಜೇನು ಹಾಕಿದ ಬಾಳೆಹಣ್ಣು ತಂದಿಟ್ಟ.

“ಏನಿದು ಯಪ್ಪಾ?”

“ನಿಮ್ಮದs ಹಣ್ಣು ಅಮ್ಮಾ. ಕಮಲಾಪುರದ್ದು.”

“ಹಣ್ಣು ಕರೀತೀರೇನು? ಹಂಗs ತಿನ್ನಾಕ ಏನಾಗ್ಯದ?” ಎನ್ನುತ್ತಲೇ ನಾಲ್ಕೂ ತುಂಡು ತಿಂದಳು. ಚಹಾ ಕುಡಿದಳು. ಕುಡಿದವಳೇ ಕಪ್, ಬಸಿ ಕೈಯಲ್ಲಿ ಹಿಡಿದು ಎದ್ದು, “ತೊಳ್ಯಾದು ಎಲ್ಲಿ?” ಎಂದು ನನ್ನನ್ನು ಕೇಳಿದಳು.

ರಫೀಕ್ ಭಾಯಿ ನನ್ನನ್ನು ನೋಡಿದ. ಕೆಮ್ಮಲಿಲ್ಲ. “ಕೂಡ್ರಿ ಅಮ್ಮಾ,” ಎಂದ. “ಇನ್ನೂ ಒಂದು ಕೆಲಸ ಉಳದದ. ಇವ ಆಗಾಂಗಿಲ್ಲ ಅಂದವರು ನೀವಂತಲ್ಲ?”

“ಹೌದಪ್ಪ, ನಾನs. ಯಾರರೆ ಅನ್ನಬೇಕಲ್ಲ, ಇಲ್ಲಾಂದ್ರ ಇವ ಓದತಿದ್ನೇನು?”

ಕೌಂಟರಿನಲ್ಲಿದ್ದ ದೇಶಪಾಂಡೆ ಸರ್ ಎದ್ದು ಬಂದರು. “ಇವನಿಗೆ ಆ ಕಾಗದ ಯಾರೂ ಸರಿಯಾಗಿ ಕೊಟ್ಟೇ ಇಲ್ಲರಿ, ಕಿಟಕ್ಯಾಗ ಈಸ್ಕೊಂಡು ಬಂದಾನ. ನೀವs ಕೊಡ್ರಿ,” ಎಂದರು.

ಅವಳು ಕಪ್ಪನ್ನು ಮೇಜಿನ ಮೇಲೆ ಇಟ್ಟಳು. ಬೆರಳಿಗೆ ಜೇನು ಹತ್ತಿತ್ತು, ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಲಕೋಟೆಯಿಂದ ಹಾಳೆ ತೆಗೆದು, ಅಂಚು ಮಾತ್ರ ಹಿಡಿದು, ನನ್ನ ಹೆಸರು ಎಲ್ಲಿದೆ ಎಂದು ತೋರಿಸಲು ಹೇಳಿದಳು. ತೋರಿಸಿದೆ. ಓದು ಬಾರದವಳು, ಆದರೂ ಆ ಜಾಗವನ್ನು ಬಹಳ ಹೊತ್ತು ನೋಡಿದಳು. ನಾನು ಎದ್ದು ನಿಂತೆ. ಬಾಳೆಯ ಕಲೆ ಹತ್ತಿದ ಎರಡೂ ಕೈಗಳಿಂದ ಅದನ್ನು ನನ್ನ ಕೈಗೆ ಕೊಟ್ಟಳು.

ಆಮೇಲೆ ಮೇಜಿನ ಮೇಲಿದ್ದ ಕಪ್ಪನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು.

“ಅದು ಅಲ್ಲೇ ಇರ್ಲಿ. ನಡಿ, ಬಸ್ ತಪ್ತದ.”